ಬುತ್ತಿ ಚೀಲ ಯಾರ ಹೆಗಲಿಗೆ

ಹುಚ್ಚೆಳ್ಳು ಹುರಿಯುವ ಘಮಕ್ಕೆ ನಿಮಗೆ ಏನಾಗುತ್ತದೋ ಕಾಣೆ, ನನಗಂತೂ ಕಾಲು ನೋಯಲು ಶುರುವಾಗುತ್ತದೆ. ನಗಬೇಡಿ. ಇವತ್ತು ಭಾನುವಾರ, ನಾನು ಕೆಲಸಕ್ಕೆ ಹೋಗುವ ಬದನಗುಪ್ಪೆಯ ಕಾರ್ಖಾನೆಗೆ ರಜೆ. ತೆರಕಣಾಂಬಿ ಹತ್ತಿರದ ನನ್ನ ತವರಿನ ಗುಡ್ಡಕ್ಕೆ ಮಕ್ಕಳನ್ನು ಹತ್ತಿಸೋಣವೆಂದು ಬೇಗ ಎದ್ದು ಚಟ್ನಿಪುಡಿಗೆ ಬಾಣಲೆ ಇಟ್ಟೆ. ಹುಚ್ಚೆಳ್ಳು ಚಟಪಟ ಅಂದಿತು, ಚಿಕ್ಕವ್ವ ನೆನಪಾದಳು.

ಚಿಕ್ಕವ್ವ ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಗುಡ್ಡದ ಬುತ್ತಿಯ ವಿಚಾರದಲ್ಲಿ ಅವಳದು ಒಂದೇ ಹಟ: ಚೆಲ್ಲುವುದು ಯಾವುದೂ ಬೇಡ. ಅಂಗೈಯಗಲದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಹುರಿಗಡಲೆ, ಬೆಲ್ಲ. ಮೊಸರನ್ನಕ್ಕೆ ಮೊಸರನ್ನೇ ಸುರಿಯದೆ, ಅನ್ನಕ್ಕೆ ಹಾಲು ಕಲಸಿ, ಉಗುರುಬೆಚ್ಚಗಾದ ಮೇಲೆ ಒಂದೇ ಚಮಚ ಹೆಪ್ಪು ಬಿಡುತ್ತಿದ್ದಳು. ಗುಡ್ಡದ ತುದಿ ಮುಟ್ಟುವ ಹೊತ್ತಿಗೆ ಹುಳಿಯಿಲ್ಲದೆ ಹದವಾಗಿರುತ್ತಿತ್ತು. ನಾನೂ ಹಾಗೇ ಮಾಡುತ್ತೇನೆ, ಗಡಿಬಿಡಿಯಲ್ಲಿ ಉಪ್ಪು ಮರೆಯುತ್ತೇನೆ ಅಷ್ಟೆ.

ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಆ ಗುಡ್ಡ ಹತ್ತುವುದು ವಾಡಿಕೆ, ಆದರೆ ಚಿಕ್ಕಂದಿನಲ್ಲಿ ನನಗೆ ಉಬ್ಬಸ. ನಾಲ್ಕು ಮೆಟ್ಟಿಲಿಗೊಮ್ಮೆ ಕೂರಬೇಕು. ಒಂದು ವರ್ಷ ನನ್ನನ್ನು ಅಜ್ಜಿಯ ಜೊತೆ ಅರ್ಧದಾರಿಯ ಬಂಡೆಯ ಮೇಲೆ ಕೂರಿಸಿ ಎಲ್ಲರೂ ಮೇಲೆ ಹೋದರು, ಉಂಡರು, ನಕ್ಕರು. ಆ ನಗು ಬಂಡೆಯವರೆಗೂ ಕೇಳುತ್ತಿತ್ತು. ನನ್ನ ಪಾಲಿನ ರೊಟ್ಟಿಯನ್ನು ಜೋಪಾನವಾಗಿ ತಂದುಕೊಟ್ಟರು ಅನ್ನಿ, ಆದರೆ ನಾನು ಅದನ್ನು ಮುಟ್ಟಲಿಲ್ಲ.

ಮರುವರ್ಷ ಹೊರಡುವಾಗ ಅಪ್ಪ, "ಈ ಮಗೀನ ಮನೇಲೇ ಬುಟ್ಬುಡನ" ಅಂದ. ಆಗತಾನೇ ಮದುವೆಯಾಗಿ ಬಂದಿದ್ದ ಚಿಕ್ಕವ್ವ ಅವನಿಗೆ ಎದುರಾಡಲಿಲ್ಲ. ಬುತ್ತಿ ಚೀಲ ತಂದು ನನ್ನ ಹೆಗಲಿಗೆ ಹಾಕಿದಳು.

"ನಡೆಯಾಕೇ ಆಗಲ್ಲ ನಂಗೆ, ಇದ್ಯಾಕೆ ಚಿಕ್ಕವ್ವ?" ಅಂದೆ, ಅಳುತ್ತಾ.

"ಒತ್ಕ ಕಣಮ್ಮಿ," ಅಂದಳು ಮೆಲ್ಲಗೆ. "ಬುತ್ತಿ ನಿನ್ನತ್ರ ಇದ್ರೆ ನಿನ್ನ ಯಾರ್ ಬುಟ್ಟೋದಾರು?"

ಅವತ್ತು ನಮ್ಮಣ್ಣಂದಿರು ಮೇಲೆ ನಿಂತು, "ಬಾರಮ್ಮಿ ಬೇಗ, ಒಟ್ಟೆ ಅಸೀತದೆ!" ಅಂತ ಕೂಗಿದ್ದೇ ಕೂಗಿದ್ದು. ಕಾದದ್ದು ರೊಟ್ಟಿಗೆ, ನನಗೇನು ಗೊತ್ತಿಲ್ಲವೇ! ಆದರೂ ನನಗಾಗಿ ಅಷ್ಟು ಜನ ದಾರಿ ನೋಡಿದ್ದು ಅದೇ ಮೊದಲು. ನಾನೂ ಕಡಿಮೆಯವಳಲ್ಲ, ಬೇಕೆಂದೇ ಎರಡು ಸಲ ಹೆಚ್ಚಿಗೆ ಕೂತೆ, ಚೀಲದ ಬೆಲ್ಲವನ್ನೂ ಕದ್ದು ತಿಂದೆ. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ರೂಢಿಯಾಯಿತು, ನಿಧಾನಕ್ಕೆ ನಡೆಯುವವರ ಹೆಗಲಿಗೇ ಬುತ್ತಿ. ಚಿಕ್ಕವ್ವನ ಆ ಒಂದು ಮಾತಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಇವತ್ತು ಅವಳನ್ನೂ ಹೊರಡಿಸಿಕೊಂಡೇ ಹೋದೆವು. ಮಕ್ಕಳು ಮುಂದೆ ಓಡಿದರು. ಅರ್ಧದಾರಿಯಲ್ಲಿ, ಅದೇ ಬಂಡೆಯ ಹತ್ತಿರ, ಚಿಕ್ಕವ್ವ ಕೂತುಬಿಟ್ಟಳು.

"ಮಂಡಿ ಇಡ್ಕಂಡದೆ ಕಣವ್ವ. ನೀವ್ ಓಗ್ಬುಟ್ಟು ಬನ್ನಿ, ನಾನಿಲ್ಲೇ ಕುಂತಿರ್ತೀನಿ."

ನಾನು ಅನ್ನದ ಡಬ್ಬಿ ನನ್ನ ಹತ್ತಿರವೇ ಇಟ್ಟುಕೊಂಡು, ರೊಟ್ಟಿ ಬೆಲ್ಲದ ಹಗುರ ಚೀಲ ತೆಗೆದು ಅವಳ ಹೆಗಲಿಗೆ ಹಾಕಿದೆ. ಅವಳು ಚೀಲ ನೋಡಿದಳು, ನನ್ನನ್ನು ನೋಡಿದಳು.

"ಕಳ್ಳಿ! ಇನ್ನೂ ಮರ್ತಿಲ್ವಾ?" ಅಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಮೇಲಿನಿಂದ ಮಕ್ಕಳ ಕೂಗು: "ಅಜ್ಜೀ, ಬೇಗ ಬಾ, ಹೊಟ್ಟೆ ಹಸೀತಿದೆ!"

"ಇರ್ರಪ್ಪಾ, ಬತ್ತಾವ್ನಿ!" ಅಂತ ನನ್ನ ಕೈ ಹಿಡಿದು ಎದ್ದಳು. ಹತ್ತು ಮೆಟ್ಟಿಲು ಹತ್ತುವುದು, ಕೂರುವುದು. ಮೂರನೇ ಸಲ ಕೂತಾಗ ಅವಳ ಕೈ ಮೆಲ್ಲಗೆ ಚೀಲದೊಳಗಿನ ಬೆಲ್ಲಕ್ಕೆ ಹೋಯಿತು. ನಾನು ಕಾಣದವಳಂತೆ ಆ ಕಡೆ ತಿರುಗಿ ನಿಂತೆ.