ಉಗುರ ಮೇಲೆ ನಿಂತ ಹನಿ

ನನ್ನ ಅತ್ತೆಯ ಹೆಬ್ಬೆರಳಿನ ಉಗುರು ಚಮಚದಷ್ಟು ಅಗಲವಿತ್ತು. ಹಾಲು ಕರೆದ ಕೂಡಲೇ ಅದರ ಮೇಲೆ ಒಂದು ಹನಿ ಬಿಟ್ಟು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವರು. ಹನಿ ನಿಂತರೆ ಸರಿ. ಜಾರಿದರೆ ಯಾರೋ ನೀರು ಬೆರೆಸಿದ್ದಾರೆ. ಕರೆದದ್ದು ಸ್ವತಃ ಅವರೇ ಆದರೂ ಈ ಪರೀಕ್ಷೆ ತಪ್ಪುತ್ತಿರಲಿಲ್ಲ.

ಅರವತ್ತರ ದಶಕದಲ್ಲಿ ನಾನು ಮುಟ್ಟಳ್ಳಿಗೆ ಸೊಸೆಯಾಗಿ ಬಂದೆ. ಭಟ್ಕಳದ ಚಾದಂಗಡಿಗಳಿಗೆ ಹಾಲು ಹಾಕುವ ಮನೆ. ಅದೇ ವರ್ಷ ತಂದ ದನದ ಮೊದಲ ಎರಡು ಸೂಲಿನ ಕರುಗಳೂ ಹುಟ್ಟಿದ ವಾರದಲ್ಲೇ ಭೇದಿಯಾಗಿ ಸತ್ತವು. ಅತ್ತೆ ಮೊದಲು ಪಕ್ಕದ ಮನೆಯವಳ ಕಣ್ಣನ್ನು ಅನುಮಾನಿಸಿದರು, ಆಮೇಲೆ ಬಾವಿಯ ನೀರನ್ನು, ಕಡೆಗೆ ನನ್ನ ಕಾಲ್ಗುಣವನ್ನು. ದನ ಮತ್ತೆ ಗಬ್ಬವಾದಾಗ ನನಗೆ ಕೊಟ್ಟಿಗೆ ಬಂದ್ ಆಯಿತು. ಈ ಕರುವೂ ಸತ್ತರೆ ನನ್ನನ್ನು ತಾಯಿಯಿಲ್ಲದ ತವರಿಗೆ ಕಳಿಸಿಬಿಡುವ ಮಾತನ್ನು ಅವರು ಮಗನ ಹತ್ತಿರ ಆಡಿದ್ದು ಗೋಡೆಯಾಚೆ ನನಗೆ ಕೇಳಿತು.

ಆಗ ದನದ ಡಾಕ್ಟರೊಬ್ಬರು ಊರೂರು ತಿರುಗಿ, ದನದ್ದೂ ಕರುವಿನದ್ದೂ ರಕ್ತ ತೆಗೆದು ಹೋಲಿಸಿ ನೋಡುತ್ತಿದ್ದರು. ಮಾರಲಿಕ್ಕೆ ಒಯ್ಯುತ್ತಾರೆ ಎಂದು ಊರಲ್ಲಿ ಗುಸುಗುಸು. ದನ ಕರು ಹಾಕಿದ ಬೆಳಿಗ್ಗೆಯೇ ನಮ್ಮಲ್ಲಿಗೂ ಬಂದರು. ಅತ್ತೆ ಕರುವನ್ನು ದನದಿಂದ ದೂರ ಕಟ್ಟಿದ್ದರು. ನಾನು ಕೊಟ್ಟಿಗೆಯ ಬಾಗಿಲಾಚೆ ನಿಂತು ನೋಡುತ್ತಿದ್ದೆ.

"ಇನ್ನೂ ಹಾಲು ಕುಡಿಸ್ಲಿಲ್ವಾ ಅಮ್ಮ?"

"ಮಾಸು ಬೀಳದೇ ಕರು ಬಿಡೂದು ಹೇಂಗೆ? ನಿಮ್ಮೂರಲ್ಲಿ ಎಂತ ಶಾಸ್ತ್ರವೇ ಇಲ್ವಾ?"

ಈ ದನಕ್ಕೋ ಕರು ಹಾಕಿದ ಮೇಲೆ ಮಾಸಿನ ಚೀಲ ಹೊರಬೀಳಲು ಯಾವಾಗಲೂ ಬಹಳ ಹೊತ್ತು ಹಿಡಿಯುತ್ತಿತ್ತು.

ಡಾಕ್ಟರು ಎರಡರ ರಕ್ತವನ್ನೂ ತೆಗೆದು ಗಾಜಿನ ಕೊಳವೆಗಳಲ್ಲಿ ಹೆಪ್ಪುಗಟ್ಟಲು ಇಟ್ಟರು. ಅತ್ತೆ ಗಂಜಿಗೂ ಏಳದೆ ಕಾವಲು ಕೂತರು. ಮೇಲೆ ನಿಂತ ತಿಳಿಯನ್ನು ಬೇರೆ ಮಾಡಿ ಔಷಧ ಬಿಡುವ ಹೊತ್ತಿಗೆ, "ನೀವು ಗೋಡೆ ಬದಿ ತಿರುಗಿ ಡಾಕ್ಟ್ರೇ, ನಾನೇ ಬಿಡ್ತೆ" ಎಂದು ಬಾಟಲಿ ಕಸಿದುಕೊಂಡರು. ದನದ್ದು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಕರುವಿನದ್ದು ತಿಳಿಯಾಗಿಯೇ ಉಳಿಯಿತು.

"ಬೆಳ್ಳಗಾದ್ರೆ ರೋಗ ತಡೆಯೋ ಸತ್ವ ಇದೆ ಅಂತ. ಅದು ತಾಯಿ ರಕ್ತದಲ್ಲಿದೆ, ಕರುವಿಗೆ ಹುಟ್ಟುವಾಗ ಇರೋದಿಲ್ಲ. ಮೊದಲ ಗಿಣ್ಣುಹಾಲಿನಿಂದಲೇ ಬರಬೇಕು. ಮಾಸು ಬೀಳಲಿ ಅಂತ ಕಾದ್ರೆ ಹೊತ್ತು ಮೀರ್ತದೆ."

ಅತ್ತೆ ನಂಬಲಿಲ್ಲ. "ನೋಡುವ" ಎಂದು ಗೊಣಗಿ ಕರು ಬಿಚ್ಚಿದರು. ಮರುದಿನ ಡಾಕ್ಟರು ಬೇರೆ ಯಾವುದೋ ಕರುವಿನ ರಕ್ತ ತಂದು ತೋರಿಸಿಯಾರೆಂದು, ತಾವೇ ಕರುವನ್ನು ತಬ್ಬಿ ಹಿಡಿದು ರಕ್ತ ತೆಗೆಸಿದರು. ಈ ಸಲ ಕರುವಿನದ್ದೂ ಬೆಳ್ಳಗಾಯಿತು. ಬಹಳ ಹೊತ್ತು ಕೊಳವೆಯನ್ನೇ ನೋಡಿದ ಅತ್ತೆ, ನನ್ನ ಕಡೆ ತಿರುಗದೆ, "ಆತು. ನಾಳೆಯಿಂದ ಕೊಟ್ಟಿಗೆಗೆ ನೀನೂ ಬಾ" ಎಂದರು. ನಾನು ಹುಲ್ಲಿನ ರಾಶಿಯ ಹಿಂದೆ ಹೋಗಿ ಮನಸಾರೆ ಕಣ್ಣೀರು ಹಾಕಿದೆ. ಕರು ಬದುಕಿತು.

ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾದವು. ಅವರನ್ನು ನೆನೆದರೆ ನನ್ನ ಮೊದಲ ಬಾಣಂತನವೇ ಕಣ್ಣಿಗೆ ಕಟ್ಟುತ್ತದೆ. ಸೂಲಗಿತ್ತಿ ವಾಡಿಕೆಯಂತೆ ನನ್ನ ಮೊದಲ ಹಾಲನ್ನು ಹಿಂಡಿ ಚೆಲ್ಲಲು ಬಟ್ಟಲು ಹಿಡಿದಿದ್ದಳು. ಅತ್ತೆ ಅವಳ ಕೈ ತಡೆದರು. ಒಂದು ಹನಿಯನ್ನು ಉಗುರ ಮೇಲೆ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿದರು. ಹಳದಿ ಹನಿ ಅಲುಗಲಿಲ್ಲ.

"ಚೆಲ್ಲೂದು ಬೇಡ," ಎಂದರು. "ಮಗೂಗೆ ಕೊಡು."