ಕರೆವ್ವನ ಕಟ್ಟೆಯಿಂದ ನಲವತ್ತೊಂದು ಪಾದ

ಮೂಡಲು ಇನ್ನೂ ಸರಿಯಾಗಿ ಕೆಂಪೇರಿಲ್ಲ. ವರದಾ ಹೊಳೆ ಎರಡಾಗಿ ಸೀಳುವ ಜಾಗದಲ್ಲಿ, ನಡುಗಡ್ಡೆಯ ತಲೆಯ ಬಳಿ, ಫಕ್ಕೀರವ್ವ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದಾಳೆ. ಕಚ್ಚೆ ಹಾಕಿ ಬಿಗಿದ ಸೀರೆ, ಬಗಲಲ್ಲಿ ಲಕ್ಕಿ ಟೊಂಗೆಗಳ ಕಟ್ಟು. ಗೂಟದಿಂದ ದಂಡೆಗೆ ಒಮ್ಮೆ ತಿವಿಯುತ್ತಾಳೆ, ಟೊಂಗೆಯನ್ನು ಹರಿವಿನ ಕಡೆಗೆ ಓರೆಯಾಗಿ ಒಳಕ್ಕೆ ತುರುಕುತ್ತಾಳೆ, ಹಿಮ್ಮಡಿಯಿಂದ ಒತ್ತಿ ತುಳಿಯುತ್ತಾಳೆ. ಚಳಿಗೆ ಬೆರಳು ಸೆಟೆದಾಗ ಬಾಯಿಗೆ ಹಿಡಿದು ಊದಿಕೊಂಡು, ಹೊಳೆಗೊಂದು ಬೈಗುಳ ಒಗೆದು ಮತ್ತೆ ಬಾಗುತ್ತಾಳೆ.

"ನೆಟ್ಟಗ ನೆಟ್ರ ಹೊಳಿ ಕಿತ್ತು ಒಗೀತೈತ್ರಿ. ಬಾಗಿಸಿ ನೆಟ್ರ ಮ್ಯಾಲೆ ಹಾದು ಹೊಕ್ಕೈತಿ," ಎನ್ನುತ್ತಾಳೆ, ಬರೆದುಕೊಳ್ಳಲು ಬಂದ ನನಗೆ. ಮತ್ತೊಂದು ಟೊಂಗೆ ತುರುಕಿ, "ಬಾಗೂದು ಗಿಡಕ್ಕ ಆತು. ನಾ ಯಾಕ ಬಾಗ್ಲಿ?"

ಹಾನಗಲ್ಲಿನ ಸೀಮೆ ದಾಟಿ ಸವಣೂರಿನತ್ತ ತಿರುಗುವ ಹೊಳೆಯ ನಡುವೆ ಈ ನಡುಗಡ್ಡೆ ಮಲಗಿದೆ. ಉದ್ದ ಒಂದೂಕಾಲು ಮೈಲಿ, ಮನೆಗಳು ನಲವತ್ತು. ಬಲಗಡೆಯ ಹರಿವು ಆಳ, ಎಡಗಡೆಯದು ತೆಳು. ಬೇಸಿಗೆಯಲ್ಲಿ ಎಡಗಡೆ ನಡೆದೇ ದಾಟಬಹುದು. ಮಳೆಗಾಲದಲ್ಲಿ ಬರುವ ನೀರು ಮೊದಲು ಬಡಿಯುವುದು ಈ ತಲೆಗೆ. ಅದನ್ನು ತಡೆದು ನಿಂತಿದ್ದವು ಹೊಳೆಮತ್ತಿಯ ದೊಡ್ಡ ಗಿಡಗಳು, ಅರವತ್ತಕ್ಕೂ ಮೇಲೆ. ಈಗ ಉಳಿದಿರುವುದು ಒಂಬತ್ತು.

ಉಳಿದವು ಎಲ್ಲಿ ಹೋದವೆಂದು ಅವಳಿಗೆ ಚೆನ್ನಾಗಿ ಗೊತ್ತು, ಏಕೆಂದರೆ ಹೊತ್ತವರಲ್ಲಿ ಅವಳೂ ಒಬ್ಬಳು. ಎರಡೂವರೆ ವರ್ಷದ ಕೆಳಗೆ, ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದಾಗಿ, ಬಂಕಾಪುರದ ರಸ್ತೆಯ ಬಸ್ಸುಗಳು ಬೆನ್ನಿಗೆ ಪೀಪಾಯಿ ಕಟ್ಟಿಕೊಂಡು ಇದ್ದಲಿಯ ಹೊಗೆಯಲ್ಲಿ ಓಡತೊಡಗಿದವು. ಗುತ್ತಿಗೆದಾರನ ಆಳುಗಳು ಬಂದು ಮತ್ತಿ ಕಡಿದರು, ಅಲ್ಲೇ ಸುಟ್ಟು ಇದ್ದಲಿ ಮಾಡಿದರು. ಗಂಡನಿಲ್ಲದ ಫಕ್ಕೀರವ್ವ ಕೂಲಿಗೆ ಇದ್ದಲಿಯ ಬುಟ್ಟಿ ಹೊತ್ತಳು. ಆ ಮಳೆಗಾಲದ ಹೊಳೆ ಅವಳ ಗಂಡನನ್ನು ಮಣ್ಣು ಮಾಡಿದ ಜಾಗವನ್ನೇ ಕಚ್ಚಿಕೊಂಡು ಹೋಯಿತು.

"ಯಾರನ್ನ ಬೈಲ್ರಿ? ಈ ತಲಿ ಮ್ಯಾಲ ನಾನ ಹೊತ್ತೇನಿ. ತೊಳಕೊಂಡ್ರ ಮಸಿ ಹೋತು, ಸಿಟ್ಟು ಹೋಗ್ವಲ್ದು."

ಆ ಸಿಟ್ಟೇ ಅವಳನ್ನು ದಿನಾ ಕೋಳಿ ಕೂಗುವ ಮೊದಲು ಎಬ್ಬಿಸುತ್ತದೆ. ದಿನಕ್ಕೆ ಎಂಬತ್ತು ಟೊಂಗೆ ನೆಟ್ಟು ಆಮೇಲೆ ಕೂಲಿಗೆ ಹೋಗುತ್ತಾಳೆ. ನೂರು ನೆಟ್ಟರೆ ಮೂವತ್ತು ಚಿಗುರಿದರೆ ಹೆಚ್ಚು. ಮೊದಲ ವರ್ಷ ತಿಳಿಯದೆ ನೆಟ್ಟಗೆ ನೆಟ್ಟಳು; ಹೊಳೆ ಒಂದನ್ನೂ ಉಳಿಸಲಿಲ್ಲ. ಗಂಡಸರು ಕಟ್ಟೆಯ ಮೇಲೆ ಕುಳಿತು, "ಹೊಳಿಗೆ ಬೇಲಿ ಹಾಕಾಕ ಹೊಂಟಾಳ ನೋಡ್ರಲೇ," ಎಂದು ನಕ್ಕರು. ಈ ನೆಲದಲ್ಲಿ ಒಂದು ಗುಂಟೆಯೂ ಅವಳ ಹೆಸರಿನಲ್ಲಿಲ್ಲ. ಇದ್ದವರು ಕುಳಿತು ನಗುತ್ತಾರೆ, ಇಲ್ಲದವಳು ಕೆಸರಿನಲ್ಲಿ ನಿಂತಿದ್ದಾಳೆ.

ಟೊಂಗೆಗಳನ್ನು ಆಚೆ ದಡದಿಂದ ತರುವವನು ಹರಗೋಲಿನ ಇಸ್ಮಾಯಿಲಸಾಬ. ಇವತ್ತು ಅವನು ಟೊಂಗೆಯ ಜತೆ ಸುದ್ದಿಯನ್ನೂ ಇಳಿಸುತ್ತಾನೆ: ಸೋಮವಾರ ಕಡಿಯುವವರು ಬರುತ್ತಾರೆ, ಒಂಬತ್ತು ಗಿಡಕ್ಕೂ ಪರವಾನಗಿ ಚೀಟಿಯಾಗಿದೆ.

"ಸೋಮವಾರ ನನ್ನ ಹರಗೋಲು ತೂತು ಬೀಳತೈತಿ ಬಿಡವಾ," ಎಂದು ಕಣ್ಣು ಮಿಟುಕಿಸುತ್ತಾನೆ.

"ಹೋಳಿ ಹುಣ್ಣಿವಿಗೆ ನೀರು ಇಳಿದ ಮ್ಯಾಲ ನಡಕೋತ ಬರ್ತಾರಲ್ಲೋ ಮಾರಾಯಾ, ಆವಾಗ ಹೊಳಿಗೂ ತೂತು ಹಾಕ್ತೀ?"

ಬಿಸಿಲೇರುವ ಹೊತ್ತಿಗೆ ಕುಬೇರಪ್ಪಗೌಡರು ಬರುತ್ತಾರೆ. ನಡುಗಡ್ಡೆಯ ಅರ್ಧ ಹೊಲ ಅವರದು. ಊರ ಪರವಾಗಿ ಚೀಟಿಗೆ ಹಾಕಿದ ಒಪ್ಪಿಗೆಯ ಸಹಿಯೂ ಅವರದೇ. ಆದರೆ ಬಂದಿರುವುದು ಬೇರೆ ಕೆಲಸಕ್ಕೆ. ಈ ಸಲದ ನೆರೆಗೆ ಅವರ ಉಳ್ಳಾಗಡ್ಡಿ ಹೊಲದ ದಂಡೆ ಕುಸಿದಿದೆ.

"ಫಕ್ಕೀರವ್ವ, ನಮ್ಮ ಹೊಲದ ಅಂಚಿಗೂ ನಾಕು ಸಾಲು ಲಕ್ಕಿ ಹಚ್ಚಬೇಕಲ್ಲವಾ."

"ಮತ್ತಿ ಕಡಿಸಿ ಲಕ್ಕಿ ಹಚ್ಚು ಅಂತೀರೇನ್ರಿ ಗೌಡ್ರ? ತಲಿ ಬೋಳಿಸಿ ಹೂ ಮುಡಸ್ತೀರಿ?"

ಗೌಡರು ತಾಳ್ಮೆಯಿಂದಲೇ ವಿವರಿಸುತ್ತಾರೆ. ಮೋಜಣಿಯವರು ಬಂದು ಅಳೆದದ್ದು ತುಂಬು ಹೊಳೆಯಲ್ಲಿ. ತಲೆಯ ಭಾಗ ಆಗ ಮುಳುಗಿತ್ತು. ನಕ್ಷೆಯ ಪ್ರಕಾರ ಆ ಒಂಬತ್ತು ಗಿಡ ನಿಂತಿರುವುದು ನೀರಿನಲ್ಲಿ, ಯಾರ ನೆಲದಲ್ಲೂ ಅಲ್ಲ; ಹಾಗಾಗಿ ಕಡಿಯಬೇಡಿ ಎನ್ನುವ ಹಕ್ಕು ಯಾರಿಗೂ ಇಲ್ಲ.

"ನೀರಾಗ ಮತ್ತಿ ಬೆಳದಾವ? ಮೀನಾ ಏನ್ರಿ ಅವು?"

"ಹೆಂಗೂ ವರ್ಷಾ ದಂಡಿ ಕೊರದು ಹೊಳಿಗೆ ಬೀಳೂ ಗಿಡ. ಅದಕ್ಕಿಂತ ಉಪಯೋಗಕ್ಕರ ಬರ್ಲಿ. ತಲಿಗೆ ಹೋದದ್ದು ಬಾಲಕ್ಕ ಬಂದು ಕೂಡತೈತಿ, ನಡುಗಡ್ಡಿ ಎಲ್ಲಿ ಸಣ್ಣದಾತು?"

"ಮಣ್ಣು ಹೋಗಿ ಉಸುಕು ಬಂತ್ರಿ! ಆ ಉಸುಕಿನಾಗ ಜ್ವಾಳ ಬೆಳೀರಿ, ನಾ ಬಂದು ಕೊಯ್ತೇನಿ!"

ಗಂಡಸರ ಮುಂದೆ ನುಂಗಿಕೊಂಡ ಇಪ್ಪತ್ತು ವರ್ಷದ ಮಾತು ಒಂದೇ ಸಲ ಹೊರಬಿದ್ದಿದೆ. ಗೂಟ ಒಗೆದು ಅವಳು ದಂಡೆಯ ದೇವತೆ ಕರೆವ್ವನ ಕಲ್ಲುಕಟ್ಟೆಯತ್ತ ನಡೆಯುತ್ತಾಳೆ. ಪ್ರತಿ ವರ್ಷ ನೆರೆ ಇಳಿದು ದಂಡೆ ಒಣಗಿದ ಮೇಲೆ ಅವಳು ಕಟ್ಟೆಯಿಂದ ನೀರಿನ ಅಂಚಿನವರೆಗೆ ಪಾದ ಅಳೆಯುತ್ತಾಳೆ. ಗಿಡ ಕಡಿಯುವ ಮೊದಲು ನೂರಾ ಹನ್ನೆರಡು ಇತ್ತು. ಕಡಿದ ವರ್ಷ ಎಪ್ಪತ್ತಮೂರು. ಅದರ ಮರುವರ್ಷ ನಲವತ್ತೊಂದು. ಈ ವರ್ಷದ್ದನ್ನು ಇನ್ನೂ ಅಳೆದಿಲ್ಲ. ಅಳೆಯಲು ಅಂಜಿ ದಿನ ಮುಂದೂಡುತ್ತಿದ್ದಳು. ಈಗ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ, ಗಟ್ಟಿಯಾಗಿ ಎಣಿಸುತ್ತ ಹೊರಡುತ್ತಾಳೆ.

ಮೂವತ್ತು. ಮೂವತ್ತೈದು. ಗೌಡರು ತಿಳಿಯದೆಯೇ ಅವಳ ಪಕ್ಕದಲ್ಲಿ ನಡೆಯುತ್ತಿದ್ದಾರೆ. ಮೂವತ್ತೊಂಬತ್ತು. ಕಳೆದ ವರ್ಷ ಓರೆಯಾಗಿ ನೆಟ್ಟ ಲಕ್ಕಿಯ ಪೊದೆ ಅವಳ ಮೊಣಕಾಲಿಗೆ ತಾಗುತ್ತದೆ. ನಲವತ್ತು. ನಲವತ್ತೊಂದು. ಮುಂದೆ ನೀರು.

ಹಿಂದೆ ನಿಂತ ಇಸ್ಮಾಯಿಲಸಾಬ ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಳ್ಳುತ್ತಾನೆ.

"ನೋಡೂಣು," ಎನ್ನುತ್ತಾರೆ ಗೌಡರು ಕೊನೆಗೆ, ಕಾಲ ಕೆಳಗಿನ ಮಣ್ಣನ್ನೇ ನೋಡುತ್ತ. "ಗುತ್ತಿಗೆದಾರನ ಕೂಡ ಮಾತಾಡ್ತೇನಿ."

"ಮಾತಾಡಿ ಬರ್ರಿ. ಚೀಟಿ ಹರಿದ ದಿನ ನಿಮ್ಮ ಹೊಲದಾಗ ಲಕ್ಕಿ ಹಚ್ಚತೇನಿ. ಅಲ್ಲೀತನಕ ಒಂದು ಕಡ್ಡಿನೂ ಇಲ್ಲ."

ಅವರು ಹೋದ ಮೇಲೂ ಅವಳ ಸಿಟ್ಟು ಇಳಿಯುವುದಿಲ್ಲ. ಇಳಿಸಿಕೊಳ್ಳುವ ಆಸೆಯೂ ಅವಳಿಗಿಲ್ಲ. ಏನು ಬೇಕು ಎಂದು ನಾನು ಕೇಳಿದರೆ ಕಟ್ಟೆಯತ್ತ ಕೈ ತೋರಿಸುತ್ತಾಳೆ.

"ನಕ್ಷೆ ಬರದವ್ರು ಒಮ್ಮೆ ಬ್ಯಾಸಗ್ಯಾಗ ಬರ್ಲಿ. ನನ್ನ ಪಾದ ನಂಬೂದು ಬ್ಯಾಡ. ಚಪ್ಪಲಿ ಬಿಟ್ಟು ತಮ್ಮ ಪಾದಲೇ ಅಳೀಲಿ." ಕೆಸರಿನಿಂದ ಗೂಟ ಎತ್ತಿಕೊಂಡು ಮತ್ತೆ ದಂಡೆಗಿಳಿಯುತ್ತಾಳೆ. ಎಂಬತ್ತರಲ್ಲಿ ಇನ್ನೂ ಮೂವತ್ತು ಬಾಕಿ ಇವೆ. "ಹ್ವಾದ ವರ್ಷನೂ ನಲವತ್ತೊಂದು, ಈ ವರ್ಷನೂ ನಲವತ್ತೊಂದು. ಬರಕೋರಿ. ಹೊಳಿ ಈ ವರ್ಷ ನನ್ನ ಕಡಿಂದ ಏನೂ ಒಯ್ದಿಲ್ಲ."