ಕಾಡಿನ ಬಂಡೆಯನ್ನು ಮೊದಲು ಹತ್ತಿದ್ದು ಯಾರು?

ಕಳೆದ ಶನಿವಾರ ಸಂಜೆ ಗೆಳೆಯ ಕೊಟ್ರೇಶ ಒಂದು ಬಂಡೆಯನ್ನು ನೋಡಿ ಅಳುವುದೊಂದು ಬಾಕಿ.

ಬಂಡೆಯಿಂದ ಬಿದ್ದಿರಲಿಲ್ಲ. (ಹತ್ತಿದರೆ ತಾನೇ ಬೀಳುವುದು?) ನಮಗಿಂತ ಮೊದಲು ಯಾರೋ ಅದನ್ನು ಹತ್ತಿಬಿಟ್ಟಿದ್ದಾರೆ ಅನ್ನುವುದೇ ಅವನ ಸಂಕಟ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಬಾದಾಮಿಯಲ್ಲಿ ರಾಕ್ ಕ್ಲೈಂಬಿಂಗ್ ಕಲಿತು ಕೊಟ್ಟೂರಿಗೆ ಮರಳಿದಾಗಿನಿಂದ ನಮ್ಮಿಬ್ಬರಿಗೂ ಒಂದೇ ಹುಚ್ಚು. ಕೂಡ್ಲಿಗಿ ಕಡೆಯ ಕುರುಚಲು ಕಾಡಿನಲ್ಲಿ, ಡಾಂಬರು ಮುಗಿದ ಮೇಲೆ ಬೈಕ್ ನಿಲ್ಲಿಸಿ ಇನ್ನೂ ಬಹಳ ದೂರ ನಡೆದರೆ ಸಿಗುವ ಒಂಟಿ ಬಂಡೆ. ಅದನ್ನು ಯಾರೂ ಹತ್ತಿಲ್ಲ ಎಂದು ನಾವೇ ತೀರ್ಮಾನಿಸಿದ್ದೆವು. ಮೊದಲು ಹತ್ತಿದವರು ಎನ್ನಿಸಿಕೊಳ್ಳುವುದೆಂದರೆ ಸಣ್ಣ ಮಾತೇ? ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಕೊಟ್ರೇಶ ಹಬ್ಬಕ್ಕೂ ಹಾಕದೆ ರಜೆ ಕೂಡಿಟ್ಟಿದ್ದು ಇದಕ್ಕಾಗಿಯೇ.

ನಾನು ಎಲ್ಲವನ್ನೂ ಬರೆದಿಡುವವನು, ನಿಮಗೆ ಗೊತ್ತೇ ಇದೆ. ಹಗ್ಗ, ನೀರು, ಅರಣ್ಯ ಇಲಾಖೆಗೆ ಅರ್ಜಿ, ಎಲ್ಲಕ್ಕೂ ಒಂದೊಂದು ಹಾಳೆ. ಬಂಡೆಯ ಫೋಟೋ ಪ್ರಿಂಟ್ ಹಾಕಿಸಿ, ಎಲ್ಲಿ ಕೈ, ಎಲ್ಲಿ ಕಾಲು ಎಂದು ಕೆಂಪು ಚುಕ್ಕೆ ಇಟ್ಟಿದ್ದೆವು. ನಡುವೆ ಹೊಟ್ಟೆಯಂತೆ ಒಂದು ಉಬ್ಬು. ಅದೇ ಕಷ್ಟದ ಜಾಗ. ಅದರ ಮೇಲಿನ ದೊಡ್ಡ ಸೀಳಿನ ಬಾಯಲ್ಲಿ ಹಗ್ಗ ಕಟ್ಟುವುದೆಂದು ಪ್ಲಾನ್.

ಆದರೆ ಫೋಟೋ ಮಧ್ಯಾಹ್ನದ್ದು. ಸಂಜೆಯ ಓರೆ ಬಿಸಿಲಿಗೆ ಕಲ್ಲಿನ ಏರಿಳಿತ ಚೆನ್ನಾಗಿ ಕಾಣುತ್ತದೆಂದು ಶನಿವಾರ ನೋಡಲು ಹೋದೆವು. ಎದುರಿನ ದಿಬ್ಬದ ಮೇಲೆ ಕೊಟ್ರೇಶನ ಸೋದರಮಾವ ಹನುಮಂತಪ್ಪ ಹಿಂದಿನ ದಿನವಷ್ಟೇ ಕುರಿ ಹಿಂಡು ತಂದು ಬೀಡುಬಿಟ್ಟಿದ್ದರು. ಅಲ್ಲೇ ಕೂತು ಕೊಟ್ರೇಶ ಬೈನಾಕ್ಯುಲರ್ ಹಿಡಿದ. ಹಿಡಿದವನು ಬಿಳುಚಿಕೊಂಡ.

"ಲೇ, ಯಾರೋ ಹತ್ತ್ಯಾರಲೇ! ಪಾಚಿ ಎಲ್ಲಾ ತಿಕ್ಕಿ ತೆಗದಾರ ನೋಡು."

ನೋಡಿದೆ. ನಮ್ಮ ಕೆಂಪು ಚುಕ್ಕೆಗಳ ದಾರಿಯುದ್ದಕ್ಕೂ ಕಲ್ಲು ಫಳಫಳ ಹೊಳೆಯುತ್ತಿತ್ತು. ಅಕ್ಕಪಕ್ಕವೆಲ್ಲ ಕಪ್ಪು ಪಾಚಿ. ಹೊಸ ದಾರಿ ಮಾಡುವ ಕ್ಲೈಂಬರ್‌ಗಳು ಬ್ರಷ್ ಹಿಡಿದು ಉಜ್ಜುವುದು ಹೀಗೆಯೇ.

"ಹಂಪಿಗೆ ಬರೋ ಫಾರಿನ್ನಿನವ್ರದ ಕೆಲಸ ಇದು," ಎಂದ ಕೊಟ್ರೇಶ.

"ಮಳಿ ನೀರು ಹರದು ಹಂಗ ಆಗೈತಿ ಬಿಡೋ ಅಳಿಯಾ," ಎಂದರು ಹನುಮಂತಪ್ಪ. "ಆ ಕಲ್ಲು ಹತ್ತಾಕ ಅವ್ರಿಗೇನು ಹುಚ್ಚು ಹಿಡದೈತೇನು? ನಿಮಗಾದ್ರ ಹಿಡದೈತಿ, ಅದು ಬ್ಯಾರೆ ಮಾತು."

ಇಬ್ಬರೂ ವಾದ ಮಾಡುತ್ತಲೇ ಇದ್ದರು. ಹೊತ್ತು ಮುಳುಗಿತು, ಬೆಳಕು ಮಾತ್ರ ಇನ್ನೂ ಇತ್ತು. ಇನ್ನೇನು ಏಳಬೇಕು, ಹನುಮಂತಪ್ಪ ತಟಕ್ಕನೆ ತಮ್ಮ ನಾಯಿಯ ಬಾಯಿ ಅದುಮಿ ಹಿಡಿದರು.

ಸೀಳಿನೊಳಗಿಂದ ಒಂದು ಕರಡಿ ಹೊರಗೆ ಬಂತು. ಬೆನ್ನ ಮೇಲೆ ಎರಡು ಮರಿ.

ನಿಂತು ಗಾಳಿ ಮೂಸಿತು. ಹೊಳೆಯುವ ದಾರಿಗೆ ಇಳಿಯಿತು. ಉಬ್ಬಿನ ಹತ್ತಿರ ಬಂದದ್ದೇ ಹಿಂದುಮುಂದಾಗಿ ತಿರುಗಿ, ಹಿಂಗಾಲಿನಿಂದ ತಡಕಿ ತಡಕಿ ಹೆಜ್ಜೆ ಹುಡುಕಿತು. ಮರಿಗಳು ತಾಯಿಯ ಕೂದಲನ್ನು ಮುಷ್ಟಿ ಕಟ್ಟಿ ಹಿಡಿದಿದ್ದವು. ಒಂದು ಮರಿ ಪಕ್ಕಕ್ಕೆ ಜಾರಿತು. ತಾಯಿ ಅಲ್ಲಾಡಲಿಲ್ಲ. ಕಡಿದಾದ ಕಲ್ಲಿಗೆ ಅಂಟಿಕೊಂಡು, ಆ ಮರಿ ಮತ್ತೆ ಬೆನ್ನೇರಿ ಗಟ್ಟಿಯಾಗಿ ಕೂರುವವರೆಗೂ ಕಾಯಿತು. ಆಮೇಲೆ ಮುಂದಿನ ಹೆಜ್ಜೆ.

"ನಾವು ಚುಕ್ಕಿ ಇಟ್ಟಲ್ಲೇ ಕಾಲು ಇಡ್ತೈತಲೇ..." ಕೊಟ್ರೇಶ ಪಿಸುಗುಟ್ಟಿದ.

ಹಗ್ಗವಿಲ್ಲ, ಹೆಲ್ಮೆಟ್ ಇಲ್ಲ. ಬೆನ್ನ ಮೇಲೆ ಇಡೀ ಸಂಸಾರ. ಎಷ್ಟು ತಲೆಮಾರಿನ ತಾಯಂದಿರು ಹತ್ತಿಳಿದು ಆ ಕಲ್ಲು ಹಾಗೆ ಹೊಳಪಾಗಿತ್ತೋ! ಬುಡ ಮುಟ್ಟಿದ ಕರಡಿ ಕಾರೆ ಮುಳ್ಳಿನ ಪೊದೆಯಲ್ಲಿ ಮರೆಯಾಯಿತು. ಹನುಮಂತಪ್ಪ ರುಮಾಲು ತೆಗೆದು ಬಂಡೆಯತ್ತ ಕೈ ಮುಗಿದರು. ನಾನೂ ಮುಗಿದೆ. ಯಾಕೆಂದು ಕೇಳಬೇಡಿ, ಕೈ ತಾನಾಗಿ ಎದ್ದಿತು.

ಕೊಟ್ರೇಶ ಮಾತ್ರ ಇನ್ನೂ ಆಸೆ ಬಿಟ್ಟಿರಲಿಲ್ಲ. "ಹಗಲೊತ್ತು ಅದು ಒಳಗ ಮಕ್ಕೊಂಡಿರತೈತಿ. ನಾವು ಹಗಲೊತ್ತು ಹತ್ತಿದ್ರ?"

"ನಿಮ್ಮಕ್ಕ ಮೊನ್ನೆ ಹಡದಾಳಲ್ಲ," ಎಂದರು ಮಾವ. "ಆ ಬಾಣಂತಿ ಮನಿ ಬಾಗಲಾಗ ಯಾವನರ ಹಗ್ಗ ಕಟ್ಟಿ ಜೋತುಬಿದ್ರ, ನೀ ಸುಮ್ನ ಬಿಡ್ತಿಯೇನು?"

ಕೊಟ್ರೇಶ ಬೈನಾಕ್ಯುಲರ್ ಚೀಲಕ್ಕೆ ಹಾಕಿ ಎದ್ದ.

ಭಾನುವಾರ ಇಬ್ಬರೂ ಕೂತು ಟ್ರಿಪ್ ರದ್ದು ಮಾಡಿದೆವು. ಇಷ್ಟು ದಿನದ ಲೆಕ್ಕ ಇಷ್ಟೇ: ಬಂಡೆಯ ಬಳಿಗೆ ಹೋಗಿ ಬಂದದ್ದು ನಾಲ್ಕು ಸಲ, ಹಗ್ಗ ಬಿಚ್ಚಿದ್ದು ಒಮ್ಮೆಯೂ ಇಲ್ಲ. ವಿಚಿತ್ರವೆಂದರೆ ನನಗೆ ಇದು ಸೋಲು ಅನ್ನಿಸುತ್ತಿಲ್ಲ. ಕೊಟ್ರೇಶನಿಗೆ ಇನ್ನೂ ಸ್ವಲ್ಪ ಅನ್ನಿಸುತ್ತಿದೆ. ಅವನ ರಜೆ ಹಾಗೇ ಉಳಿದಿದೆ, ಪಾಪ.

ಆ ಬಂಡೆಯನ್ನು ಯಾರೂ ಹತ್ತಿಲ್ಲ ಎಂದಿದ್ದೆವಲ್ಲ, ಯಾರನ್ನು ಕೇಳಿ?